ಗೋಡೆ ಅವರದು, ಪೈಪು ಇಬ್ಬರದು

ಪಕ್ಕದ ಮನೆಯ ಕಿಟಕಿಗೆ ನಾತ ಬಡಿಯುವ ಏರ್ ಪೈಪಿನ ಬಾಯಿ ಮುಚ್ಚಿದರೆ ಆ ನಾತ ಎರಡೂ ಮನೆಯ ಬಚ್ಚಲಿಗೇ ನುಗ್ಗುತ್ತದೆ. ಗೋಡೆ ಯಾರದೆಂದು ವಾದಕ್ಕಿಳಿಯುವ ಮೊದಲು ಪೈಪನ್ನು ಬಳಸುತ್ತಿರುವವರು ಯಾರೆಂದು ಕೇಳಿ. ರಿಪೇರಿಯ ಹೊಣೆ ಅಲ್ಲಿಂದಲೇ ಶುರುವಾಗಬೇಕು.

ಮಳೆಗೆ ಮುನ್ನ ಗಾಳಿ ನಿಂತುಹೋದ ಸಂಜೆ. ಬೆಂಗಳೂರಿನ ಅಂಜನಾಪುರದಲ್ಲಿ ಮೂವತ್ತು-ನಲವತ್ತರ ಎರಡು ಸೈಟುಗಳ ನಡುವೆ ಒಬ್ಬರು ಅಡ್ಡಲಾಗಿ ನುಸುಳುವಷ್ಟು ಸಂದಿ. ಅಲ್ಲಿ ನೆಲದ ಛೇಂಬರಿನಿಂದ ಎದ್ದ ನಾಲ್ಕಿಂಚಿನ ಬೂದು ಪಿವಿಸಿ ಪೈಪೊಂದು ಎಡಮನೆಯ ಗೋಡೆಗೆ ಕ್ಲಾಂಪು ಹಿಡಿದು ಮೇಲೇರಿದೆ. ಆಳೆತ್ತರದಲ್ಲಿ ಬಲಮನೆಯ ಪೈಪೂ ಬಂದು ಅದಕ್ಕೇ ಸೇರಿದೆ. ಸೇರಿದ ಕಡೆ ಜಾಯಿಂಟು ಬಿಟ್ಟಿದೆ. ಯಾರೋ ಮೆತ್ತಿದ ಎಂ-ಸೀಲ್ ಕೂಡ ಬಿರಿದು ಗೋಡೆಯ ಮೇಲೆ ಕಂದು ಗೆರೆಯೊಂದು ಇಳಿದಿದೆ. ಪೈಪಿನ ಬಾಯಿ ಎಡಮನೆಯ ಪ್ಯಾರಪೆಟ್‌ಗಿಂತ ಗೇಣುದ್ದ ಮೇಲೆ ನಿಂತಿದೆ. ಅದರ ತಲೆಯ ಟೊಪ್ಪಿ, ಅಂದರೆ ಕೌಲು, ಹಾರಿಹೋಗಿ ಎಷ್ಟೋ ಕಾಲವಾಗಿದೆ. ಬಲಮನೆಯವರು ಈಚೆಗೆ ಎರಡು ಮಹಡಿ ಎಬ್ಬಿಸಿದ್ದಾರೆ. ಹೊಸ ಮಲಗುವ ಕೋಣೆಯ ಕಿಟಕಿ ಈ ಬಾಯಿಗೆ ಕೈಯಳತೆಯಲ್ಲಿದೆ. ‘ನಿಮ್ಮ ಪೈಪು ಗಬ್ಬು ನಾತ ಹೊಡೀತಿದೆ ಸಾರ್, ಏನಾದ್ರೂ ಮಾಡಿ’ ಎಂದು ಕಿಟಕಿಯಿಂದ ಮಾತು. ‘ನಮ್ಮದೊಂದೇ ಅಲ್ಲ ಮೇಡಂ, ನಿಮ್ಮ ಲೈನೂ ಅದಕ್ಕೇ ಸೇರಿದೆ’ ಎಂದು ತಾರಸಿಯಿಂದ ಉತ್ತರ. ಮಾರನೆಯ ದಿನ ನೋಡಿದರೆ ಪೈಪಿನ ಬಾಯಿಗೆ ಪ್ಲಾಸ್ಟಿಕ್ ಕವರು ಬಿಗಿದಿರುತ್ತದೆ.

ಬನಶಂಕರಿಯ ಹೊರ ಹಂತಗಳಿಂದ ತಲಘಟ್ಟಪುರದವರೆಗೆ ಯಾವ ಬಡಾವಣೆಯ ಸಂದಿಗೆ ಇಣುಕಿದರೂ ಇಂಥದೊಂದು ಪೈಪು ಕಣ್ಣಿಗೆ ಬೀಳಬಹುದು. ಅಂಜನಾಪುರದಲ್ಲಿ ಅದಕ್ಕೆ ಕಾರಣಗಳು ಒಂದರ ಮೇಲೊಂದು ಬಂದು ಕೂತಿವೆ. ಇಲ್ಲಿ ಬಿಡಿಎ ಅಳೆದು ಕೊಟ್ಟ ಸೈಟುಗಳಿವೆ, ಅದಕ್ಕೂ ಹಿಂದಿನ ಗ್ರಾಮಠಾಣದಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳಿವೆ, ನಡುನಡುವೆ ರೆವಿನ್ಯೂ ಸೈಟುಗಳಿವೆ. ಅಣ್ಣ-ತಮ್ಮ ಭಾಗವಾಗುವಾಗ ಹಾಲು, ಅಡುಗೆಮನೆ, ಸಂಪು ಎಲ್ಲವನ್ನೂ ಹಂಚಿಕೊಳ್ಳುತ್ತಾರೆ. ನೆಲದಡಿಯ ಛೇಂಬರು ಮತ್ತು ಅದರಿಂದೆದ್ದ ಪೈಪು ಪಾಲುಪತ್ರದಲ್ಲಿ ಬರುವುದೇ ಇಲ್ಲ. 2021ರ ಜನವರಿಯಲ್ಲಿ ಮೆಟ್ರೊ ಹಸಿರು ಮಾರ್ಗ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಬಂದ ಮೇಲೆ ಈ ಕಡೆ ಬಾಡಿಗೆಗೆ ಬರುವವರು ಹೆಚ್ಚಿದರು, ಒಂದಂತಸ್ತಿನ ಮನೆಗಳ ಮೇಲೆ ಮಹಡಿಗಳು ಎದ್ದವು. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ನಗರದ ಹೊರವಲಯಕ್ಕೆಂದು ದಿನಕ್ಕೆ 775 ದಶಲಕ್ಷ ಲೀಟರ್ ನೀರಿನ ವ್ಯವಸ್ಥೆಯಾಯಿತು. ಬಂದ ನೀರೆಲ್ಲ ಮತ್ತೆ ಕೊಳಚೆಯಾಗಿ ಪೈಪಿಗೇ ಇಳಿಯಬೇಕು. ಇಬ್ಬರಿಗೆಂದು ಹಾಕಿದ ಪೈಪಿನಲ್ಲಿ ಈಗ ನಾಲ್ಕೈದು ಸಂಸಾರಗಳ ನೀರು ಹರಿಯುತ್ತದೆ.

ಈ ಏರ್ ಪೈಪು, ಅಂದರೆ ವೆಂಟ್ ಪೈಪು, ಇರುವುದು ನಾತ ಹೊರಗೆ ಹಾಕುವುದಕ್ಕೆ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಅದು ಅರ್ಧ ನಿಜ. ಇನ್ನರ್ಧ ಕೆಲಸ ಒಳಗೆ ಗಾಳಿ ಕೊಡುವುದು. ಬಚ್ಚಲಿನ ನಹಾನಿ ಟ್ರ್ಯಾಪಿನಲ್ಲಿ, ಕಮೋಡಿನ ಬಾಗಿನಲ್ಲಿ, ಸಿಂಕಿನ ಕೆಳಗಿನ ಬಾಟಲ್ ಟ್ರ್ಯಾಪಿನಲ್ಲಿ ಒಂದಷ್ಟು ನೀರು ಸದಾ ನಿಂತಿರುತ್ತದೆ. ಸಾಮಾನ್ಯವಾಗಿ 50 ಮಿಲಿಮೀಟರ್ ಆಳದ ಈ ನೀರೇ ಚರಂಡಿಗೂ ಮನೆಗೂ ನಡುವಿನ ಬಾಗಿಲು. ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಎಸ್ ಆಕಾರದ ಬಾಗಿಗೆ ಪೇಟೆಂಟ್ ಪಡೆದಾಗಿನಿಂದ ಮನೆಯೊಳಗಿನ ಶೌಚಾಲಯ ಈ ಒಂದು ಉಪಾಯದ ಮೇಲೆಯೇ ನಿಂತಿದೆ. ಈಗ ಮೇಲಿನ ಮಹಡಿಯಲ್ಲಿ ಒಬ್ಬರು ಫ್ಲಶ್ ಒತ್ತಿದರೆನ್ನಿ. ನೀರಿನ ಮುದ್ದೆ ಪೈಪಿನಲ್ಲಿ ರಭಸದಿಂದ ಇಳಿಯುವಾಗ ಮುಂದಿನ ಗಾಳಿಯನ್ನು ತಳ್ಳುತ್ತದೆ, ಹಿಂದೆ ಗಾಳಿಯ ಕೊರತೆ ಉಂಟುಮಾಡುತ್ತದೆ. ಮೇಲಿನ ಬಾಯಿ ತೆರೆದಿದ್ದರೆ ಅಲ್ಲಿಂದ ಗಾಳಿ ಬಂದು ಕೊರತೆ ತುಂಬುತ್ತದೆ. ಮುಚ್ಚಿದ್ದರೆ ಪೈಪು ಸಿಕ್ಕ ಕಡೆಯಿಂದ ಗಾಳಿ ಎಳೆಯುತ್ತದೆ. ಹಾಗೆ ಎಳೆಯುವಾಗ ಹತ್ತಿರದ ಟ್ರ್ಯಾಪಿನ ನೀರೂ ಜೊತೆಗೆ ಹೋಗುತ್ತದೆ. ತುಂಬಿದ ಬಾಟಲಿಯನ್ನು ತಲೆಕೆಳಗು ಮಾಡಿದಾಗ ಕೇಳುವ ಗುಳುಗುಳು ಸದ್ದು ಆಗ ಬಚ್ಚಲಲ್ಲೂ ಕೇಳಿಸುತ್ತದೆ. ನೀರು ಹೋಯಿತೆಂದರೆ ಬಾಗಿಲು ತೆರೆಯಿತು. ಅಲ್ಲಿಂದಾಚೆ ಚರಂಡಿಯ ಗಾಳಿಗೂ ಮನೆಯ ಗಾಳಿಗೂ ನಡುವೆ ಏನೂ ಉಳಿಯುವುದಿಲ್ಲ.

ಎರಡು ಮನೆಗೆ ಒಂದೇ ಪೈಪಾದರೆ ಈ ಎಳೆತ ಗಡಿ ನೋಡುವುದಿಲ್ಲ. ಬಲಮನೆಯ ಮೂರನೇ ಮಹಡಿಯಲ್ಲಿ ಫ್ಲಶ್ ಮಾಡಿದರೆ ಎಡಮನೆಯ ನೆಲಮಹಡಿಯ ಬಚ್ಚಲು ಗುಳುಗುಟ್ಟಬಹುದು. ಪೈಪಿನ ಬಾಯಿಗೆ ಕವರು ಬಿಗಿದವರು ಕಿಟಕಿಯ ನಾತವನ್ನೇನೋ ನಿಲ್ಲಿಸಿದರು; ಅದೇ ನಾತ ಪಕ್ಕದ ಮನೆಗೂ ತಮ್ಮ ಸ್ವಂತ ಬಾಡಿಗೆದಾರರ ಬಚ್ಚಲಿಗೂ ಹೋಗಲು ದಾರಿ ಮಾಡಿದರು. ಪೈಪನ್ನು ನಡುವೆ ಕೊಯ್ದು ಎಂಡ್ ಕ್ಯಾಪ್ ಹಾಕಿದರೂ ಫಲ ಅದೇ. ಹೀಗಾಗಿ ಹಂಚಿಕೆಯ ವೆಂಟ್ ಪೈಪಿನ ಜಗಳದಲ್ಲಿ ಒಬ್ಬರು ಗೆದ್ದು ಇನ್ನೊಬ್ಬರು ಸೋಲುವುದು ಪೈಪಿನ ಸ್ವಭಾವಕ್ಕೇ ಒಗ್ಗದ ಮಾತು.

ಗುರುತು ಹಿಡಿಯುವುದು ಹೇಗೆ?
ಒಂದು ಮನೆಯಲ್ಲಿ ಫ್ಲಶ್ ಮಾಡಿದಾಗ ಇನ್ನೊಂದು ಮನೆಯ ಟ್ರ್ಯಾಪು ಗುಳುಗುಟ್ಟಿದರೆ, ಕಮೋಡಿನ ನೀರಿನ ಮಟ್ಟ ತಾನೇ ಏರಿಳಿದರೆ, ತೊಳೆದು ಫಿನಾಯಿಲ್ ಹಾಕಿದರೂ ಬೆಳಿಗ್ಗೆ ಮತ್ತೆ ನಾತ ಬಂದರೆ ವೆಂಟ್ ಕಟ್ಟಿಕೊಂಡಿದೆ ಅಥವಾ ಒಡೆದಿದೆ ಎಂದು ಅನುಮಾನಿಸಿ. ಬಳಸದ ಬಚ್ಚಲಿನಲ್ಲಿ ಮಾತ್ರ ನಾತವಿದ್ದರೆ ಟ್ರ್ಯಾಪು ಒಣಗಿರಬಹುದು. ಒಂದು ಚೊಂಬು ನೀರು ಹಾಕಿ ನೋಡಿ. ಬಿರುಕು ಹುಡುಕಲು ಪ್ಲಂಬರುಗಳು ಲೈನಿಗೆ ಹೊಗೆ ಬಿಟ್ಟು, ಎಲ್ಲಿ ಹೊಗೆ ಕಾಣುತ್ತದೆಂದು ನೋಡುತ್ತಾರೆ. ಪೈಪಿನ ಬಾಯಿಯ ಬಳಿ ಬೆಂಕಿಕಡ್ಡಿ ಗೀರಬೇಡಿ. ಒಳಗಿನ ಗಾಳಿಯಲ್ಲಿ ಮೀಥೇನ್ ಇರುತ್ತದೆ.

ನಾತ ತಾನೇ, ಸಹಿಸಿಕೊಳ್ಳಬಹುದು ಎನ್ನುವವರಿಗೆ ಹಾಂಗ್‌ಕಾಂಗಿನ ಅಮೊಯ್ ಗಾರ್ಡನ್ಸ್ ವಸತಿ ಸಮುಚ್ಚಯದ ಪ್ರಕರಣ ಗೊತ್ತಿರಬೇಕು. 2003ರ ಮಾರ್ಚಿನಲ್ಲಿ ಸಾರ್ಸ್ ಹರಡುತ್ತಿದ್ದಾಗ ಆ ಒಂದೇ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ಒಂದು ಬ್ಲಾಕಿನಲ್ಲಿ ಮೇಲೆ ಕೆಳಗಿನ ಮನೆಗಳಿಗೆ ಅದು ಹಬ್ಬಿದ ರೀತಿ ವಿಚಿತ್ರವಾಗಿತ್ತು. ತನಿಖೆ ನಡೆಸಿದ ಅಧಿಕಾರಿಗಳು ಕೊನೆಗೆ ಬಂದು ನಿಂತದ್ದು ಚರಂಡಿ ಪೈಪುಗಳ ಮುಂದೆ: ನೀರು ಒಣಗಿಹೋಗಿದ್ದ ಬಚ್ಚಲಿನ ಟ್ರ್ಯಾಪುಗಳು, ಅವುಗಳ ಮೂಲಕ ಕೊಳಚೆಯ ಹನಿಗಳನ್ನು ಒಳಗೆಳೆದ ಎಕ್ಸಾಸ್ಟ್ ಫ್ಯಾನುಗಳು, ಮತ್ತು ಬಿರುಕು ಬಿಟ್ಟ ಒಂದು ವೆಂಟ್ ಪೈಪು. ಅಂಜನಾಪುರದ ಒಡೆದ ಪೈಪಿನಿಂದ ಅಂಥದೇ ಅನಾಹುತವಾಗುತ್ತದೆ ಎಂದು ಹೆದರಿಸುವುದು ಸರಿಯಲ್ಲ. ಆದರೆ ಟ್ರ್ಯಾಪು ಒಣಗುವುದು, ವೆಂಟ್ ಬಿರಿಯುವುದು ಆರೋಗ್ಯಕ್ಕೆ ಸಂಬಂಧಪಟ್ಟ ದೋಷಗಳು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ನಮ್ಮಲ್ಲಿ ಬೇಸಿಗೆಯಲ್ಲಿ ಟ್ರ್ಯಾಪು ಒಣಗುತ್ತದೆ. 2024ರ ಮಾರ್ಚಿನಂಥ ನೀರಿನ ಬರದಲ್ಲಿ ನೆಲಕ್ಕೆ ನೀರು ಸುರಿಯಲು ಯಾರಿಗೂ ಮನಸ್ಸು ಬಾರದು. ಮಳೆಗಾಲದಲ್ಲಿ ಸಂಕಟ ಬೇರೆ. ಮಳೆನೀರು ಒಳಚರಂಡಿಗೆ ನುಗ್ಗಿ ಕೊಳವೆ ತುಂಬಿದಾಗ ಅಲ್ಲಿದ್ದ ಗಾಳಿ ಹಿಂದಕ್ಕೆ, ಮನೆಗಳ ಕಡೆಗೆ ತಳ್ಳಿಕೊಂಡು ಬರುತ್ತದೆ. ಆಗ ಅದಕ್ಕೆ ಹೊರಹೋಗಲು ಇರುವ ದಾರಿ ತಾರಸಿಯ ಮೇಲಿನ ಆ ಪೈಪೊಂದೇ.

ಇಷ್ಟನ್ನು ಒಪ್ಪಿದ ಮೇಲೂ ಹಠದ ಪ್ರಶ್ನೆ ಉಳಿಯುತ್ತದೆ: ರಿಪೇರಿ ಯಾರು ಮಾಡಿಸಬೇಕು? ‘ಪೈಪು ನನ್ನ ಗೋಡೆ ಮೇಲಿದೆ, ಬೇಕಾದರೆ ಇಡುತ್ತೇನೆ, ಬೇಡವಾದರೆ ಕಿತ್ತು ಹಾಕುತ್ತೇನೆ’ ಎನ್ನುವುದು ಒಂದು ವಾದ. ‘ನಿಮ್ಮ ಗೋಡೆ ಮೇಲಿರುವುದರಿಂದ ನೀವೇ ಸರಿಮಾಡಿಸಿ’ ಎನ್ನುವುದು ಅದರ ಪ್ರತಿವಾದ. ಎರಡೂ ಗೋಡೆಯನ್ನೇ ಹಿಡಿದುಕೊಂಡಿವೆ, ಆದ್ದರಿಂದ ಎರಡೂ ತಪ್ಪುತ್ತವೆ. 1882ರ ಈಸ್‌ಮೆಂಟ್ಸ್ ಕಾಯ್ದೆ ಇನ್ನೊಂದು ದಾರಿ ತೋರಿಸುತ್ತದೆ. ಒಬ್ಬರ ಜಾಗದ ಮೂಲಕ ಇನ್ನೊಬ್ಬರಿಗೆ ಚರಂಡಿ ಹಾಯಿಸುವ ಹಕ್ಕಿದ್ದರೆ ಅದನ್ನು ಉಳಿಸಿಕೊಳ್ಳುವ ಖರ್ಚು ಹಕ್ಕು ಅನುಭವಿಸುವವರದು ಎನ್ನುತ್ತದೆ ಅದರ 25ನೇ ಸೆಕ್ಷನ್. ಜಾಗದ ಮಾಲೀಕ ಏನನ್ನೂ ಮಾಡಬೇಕಾಗಿಲ್ಲ, ಆದರೆ ಅಡ್ಡಿಪಡಿಸುವಂತೆಯೂ ಇಲ್ಲ ಎನ್ನುತ್ತದೆ 27ನೇ ಸೆಕ್ಷನ್. 24ನೇ ಸೆಕ್ಷನ್ನಿನ ಉದಾಹರಣೆಗಳಂತೂ ನಮ್ಮ ಬೀದಿಗಳಿಗೇ ಬರೆದಂತಿವೆ. ಪಕ್ಕದವರ ಜಮೀನಿನಲ್ಲಿ ಪೈಪು ಹಾಕುವ ಹಕ್ಕುಳ್ಳವನು ಅದನ್ನು ಸರಿಮಾಡಲು ಒಳಹೋಗಿ ನೆಲ ಅಗೆಯಬಹುದು, ಆದರೆ ನೆಲವನ್ನು ಮೊದಲಿದ್ದಂತೆ ಮಾಡಿಕೊಡಬೇಕು. ಬೀದಿಯ ದೊಡ್ಡ ಚರಂಡಿ ಬದಲಾದರೆ ಅದಕ್ಕೆ ಹೊಂದುವಂತೆ ತನ್ನ ಚರಂಡಿಯನ್ನು ಮಾರ್ಪಡಿಸಬಹುದು, ಆದರೆ ಪಕ್ಕದವರ ಮೇಲಿನ ಹೊರೆ ಹೆಚ್ಚಿಸಬಾರದು. ಅಣ್ಣ-ತಮ್ಮಂದಿರು ಭಾಗವಾದ ಮನೆಗಳಿಗೆ 13ನೇ ಸೆಕ್ಷನ್ ಇದೆ: ಪಾಲಾಗುವಾಗ ಒಬ್ಬರ ಪಾಲಿಗೆ ಅಗತ್ಯವಾದ ಇಂಥ ಸೌಕರ್ಯ ಇನ್ನೊಬ್ಬರ ಪಾಲಿನಲ್ಲಿದ್ದರೆ ಪತ್ರದಲ್ಲಿ ಬರೆಯದಿದ್ದರೂ ಹಕ್ಕು ಉಳಿಯುತ್ತದೆ. ಹೀಗೆ ಬಳಕೆ ಇದ್ದ ಕಡೆ ಹೊಣೆಯನ್ನೂ ಇಡುವುದು ಕಾಯ್ದೆಯ ಒಟ್ಟು ಒಲವು. ಇಬ್ಬರೂ ಬಳಸುತ್ತಿದ್ದರೆ ಇಬ್ಬರ ಮೇಲೂ ಹೊಣೆ ಬೀಳುತ್ತದೆ.

ಅರ್ಧರ್ಧವೇ? ಅದೂ ಯಾವಾಗಲೂ ನ್ಯಾಯವಲ್ಲ. ಒಂದು ಮನೆಯಲ್ಲಿ ಎರಡು ಶೌಚಾಲಯ, ಬಾಡಿಗೆಗೆ ಕೊಟ್ಟ ಇನ್ನೊಂದರಲ್ಲಿ ಆರು ಇದ್ದರೆ ಪೈಪಿನ ಮೇಲೆ ಬೀಳುವ ಭಾರ ಒಂದಕ್ಕೆ ಮೂರರಷ್ಟು. ಖರ್ಚೂ ಹಾಗೆಯೇ ಹಂಚಿಕೆಯಾಗುವುದು ಸರಿ. ಶೌಚಾಲಯಗಳ ಲೆಕ್ಕ ಹಿಡಿದರೆ ಜಗಳಕ್ಕೆ ಎಡೆ ಕಡಿಮೆ. ತಲೆ ಎಣಿಸುವುದು, ಚದರಡಿ ಅಳೆಯುವುದು ಮತ್ತೊಂದು ವಾದಕ್ಕೆ ದಾರಿ. ಬಾಡಿಗೆದಾರರು ಬಳಸುವುದು, ನಾನೇಕೆ ಕೊಡಲಿ ಎನ್ನುವ ಮಾಲೀಕರೂ ಇದ್ದಾರೆ. ಬಾಡಿಗೆ ಪಡೆಯುವವರು ಅವರೇ ಆದ್ದರಿಂದ ಪೈಪಿನ ಬಳಕೆದಾರರೂ ಅವರೇ.

ಇದಕ್ಕೆ ಬರುವ ಅತ್ಯಂತ ಗಟ್ಟಿಯಾದ ಆಕ್ಷೇಪ ಬೇರೆ. ‘ನಾನು ಮೊದಲು ಕಟ್ಟಿದವನು. ನನ್ನ ತಾರಸಿಗೆ ತಕ್ಕ ಎತ್ತರಕ್ಕೆ ಪೈಪು ಬಿಟ್ಟಿದ್ದೆ. ಅವರು ಆಮೇಲೆ ಬಂದು ಅದರ ಎದುರಿಗೇ ಕಿಟಕಿ ಇಟ್ಟುಕೊಂಡರೆ ನನ್ನ ತಪ್ಪೇನು?’ ಇದನ್ನು ತಳ್ಳಿಹಾಕುವಂತಿಲ್ಲ. ಇದೇ ಮಾತಿನ ಮೇಲೆ 1879ರಲ್ಲಿ ಇಂಗ್ಲೆಂಡಿನಲ್ಲಿ ಒಂದು ತೀರ್ಪು ಬಂತು. ಕಾನೂನು ಓದಿದವರೆಲ್ಲ ಬಲ್ಲ ಸ್ಟರ್ಜಸ್ ಮತ್ತು ಬ್ರಿಡ್ಜ್‌ಮನ್ ಪ್ರಕರಣ. ಲಂಡನ್ನಿನ ಮಿಠಾಯಿ ತಯಾರಕರೊಬ್ಬರು ತಮ್ಮ ಮನೆಯ ಅಡುಗೆಮನೆಯಲ್ಲಿ ದೊಡ್ಡ ಒರಳುಗಳಲ್ಲಿ ಕುಟ್ಟುತ್ತಿದ್ದರು, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು. ಹಿಂಬದಿಯ ಮನೆಗೆ ಬಂದ ವೈದ್ಯರು ಕೆಲವು ವರ್ಷಗಳ ನಂತರ ತಮ್ಮ ತೋಟದ ಕೊನೆಗೆ, ಆ ಅಡುಗೆಮನೆಯ ಗೋಡೆಗೆ ತಾಗಿದಂತೆ, ರೋಗಿಗಳನ್ನು ನೋಡುವ ಕೋಣೆ ಕಟ್ಟಿದರು. ಸದ್ದಿನಿಂದ ಕೆಲಸ ಮಾಡಲಾಗದೆ ದಾವೆ ಹೂಡಿದರು. ಮಿಠಾಯಿಯವರು ಮೊದಲಿದ್ದವರು ತಾವೆಂದು ವಾದಿಸಿದರು. ನ್ಯಾಯಾಲಯ ವೈದ್ಯರ ಪರ ತೀರ್ಪು ಕೊಟ್ಟಿತು: ಸದ್ದು ಪಕ್ಕದವರಿಗೆ ತೊಂದರೆಯಾಗಲು ಶುರುವಾದದ್ದು ಕೋಣೆ ಕಟ್ಟಿದ ಮೇಲೆ, ದೀರ್ಘ ಬಳಕೆಯಿಂದ ಹುಟ್ಟುವ ಹಕ್ಕಿನ ಗಡಿಯಾರ ಅದಕ್ಕೆ ಮುಂಚೆ ಓಡುತ್ತಲೇ ಇರಲಿಲ್ಲ. ಮೊದಲು ಬಂದವರೆಂಬ ಒಂದೇ ಕಾರಣಕ್ಕೆ ಪಕ್ಕದವರ ಮೂಗಿಗೆ ನಾತ ಬಿಡುವ ಹಕ್ಕು ಹುಟ್ಟುವುದಿಲ್ಲ ಎಂಬುದಕ್ಕೆ ಈ ತೀರ್ಪು ಆಧಾರವಾಗಬಲ್ಲದು.

ಆದರೂ ಅಂಜನಾಪುರದ ಪೈಪಿಗೂ ಲಂಡನ್ನಿನ ಒರಳಿಗೂ ಒಂದು ವ್ಯತ್ಯಾಸವಿದೆ. ವೈದ್ಯರು ಆ ಒರಳಿನಲ್ಲಿ ತಮ್ಮದೇನನ್ನೂ ಕುಟ್ಟಿಕೊಳ್ಳುತ್ತಿರಲಿಲ್ಲ. ಇಲ್ಲಿ ದೂರುವವರ ಕೊಳಚೆಯೂ ಅದೇ ಪೈಪಿನಲ್ಲಿದೆ. ಕಿಟಕಿಗೆ ಬರುವ ನಾತದಲ್ಲಿ ಅವರ ಪಾಲೂ ಇದೆ. ಆದ್ದರಿಂದ ಹಂಚಿಕೆಯ ಪೈಪಿನಲ್ಲಿ ‘ಯಾರು ಮೊದಲು’ ಎಂಬ ಪ್ರಶ್ನೆ ಎರಡೂ ಕಡೆಯವರಿಗೆ ಕೆಲಸಕ್ಕೆ ಬಾರದು. ನನ್ನ ಅಭಿಪ್ರಾಯ ಇದು: ಬಿರುಕು, ಜಾಯಿಂಟು, ಕೌಲು ಇವುಗಳ ರಿಪೇರಿ ಬಳಕೆಯ ಪ್ರಮಾಣದಲ್ಲಿ ಇಬ್ಬರದು. ಎತ್ತರಿಸಿದ ಮನೆಗಾಗಿ ಪೈಪನ್ನು ಮೇಲಕ್ಕೆ ಒಯ್ಯುವ ಹೆಚ್ಚುವರಿ ಉದ್ದದ ಖರ್ಚು ಮಹಡಿ ಎಬ್ಬಿಸಿದವರದು. ಅವರು ಸಿಮೆಂಟು, ಕಬ್ಬಿಣ, ಕಿಟಕಿಗೆ ಸುರಿದ ಹಣದ ಮುಂದೆ ಇಪ್ಪತ್ತಡಿ ಪೈಪು, ನಾಲ್ಕು ಕ್ಲಾಂಪು, ಒಂದು ಕೌಲಿನ ಬೆಲೆ ಲೆಕ್ಕಕ್ಕೇ ಬರುವುದಿಲ್ಲ.

ಎಷ್ಟು ಎತ್ತರ?
ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವೆಂಟ್ ಪೈಪಿನ ಬಾಯಿ ತಾರಸಿಯ ಪ್ಯಾರಪೆಟ್‌ನಿಂದ ಅಥವಾ 3 ಮೀಟರ್ ಅಡ್ಡ ಅಂತರದೊಳಗಿನ ಕಿಟಕಿಯ ನೆತ್ತಿಯಿಂದ 1.5 ಮೀಟರ್ ಮೇಲಿರಬೇಕು. ಪಕ್ಕದ ಕಟ್ಟಡ ಎತ್ತರವಾಗಿದ್ದರೆ, ಸಾಧ್ಯವಿದ್ದಲ್ಲೆಲ್ಲ ಅದರ ಛಾವಣಿಗಿಂತ ಮೇಲಕ್ಕೆ ಒಯ್ಯಬೇಕು. ಸೆಪ್ಟಿಕ್ ಟ್ಯಾಂಕಿನ ವೆಂಟ್ ಕನಿಷ್ಠ 50 ಮಿ.ಮೀ. ವ್ಯಾಸದ್ದಿರಬೇಕು, ಬಾಯಿಗೆ ಸೊಳ್ಳೆ ನುಗ್ಗದ ಜಾಲರಿ ಇರಬೇಕು. ಪಿವಿಸಿ ಪೈಪಿನ ಐಎಸ್ 13592 ಮಾನಕದಲ್ಲಿ ‘ಎ’ ಮಾದರಿ ಗಾಳಿಗೆ ಮತ್ತು ಮಳೆನೀರಿಗೆ, ‘ಬಿ’ ಮಾದರಿ ಶೌಚದ ಲೈನಿಗೆ. ಎರಡು ಮನೆಯ ಕೊಳಚೆಯೂ ಇಳಿಯುವ ಪೈಪಿಗೆ ತೆಳುವಾದ ‘ಎ’ ಹಾಕಿದ್ದರೆ ಅದು ಬಿರಿಯುವುದರಲ್ಲಿ ಆಶ್ಚರ್ಯವಿಲ್ಲ.

‘ಯುಜಿಡಿ (ಬೀದಿಯ ಒಳಚರಂಡಿ) ಬಂತಲ್ಲ, ಇನ್ನು ಈ ಪೈಪೇಕೆ?’ ಎಂದು ಕೇಳುವವರಿದ್ದಾರೆ. ಪೈಪು ಇದ್ದದ್ದು ಮನೆಯ ಶೌಚಗುಂಡಿಗಾಗಿ, ಗುಂಡಿ ಹೋದ ಮೇಲೆ ಅದೂ ಹೋಗಲಿ ಎಂಬುದು ಅವರ ತರ್ಕ. ಆದರೆ ಟ್ರ್ಯಾಪಿನ ನೀರನ್ನು ಉಳಿಸುವ ಕೆಲಸ ಗುಂಡಿ ಇದ್ದಾಗಲೂ ಇತ್ತು, ಬೀದಿಯ ಲೈನಿಗೆ ಸೇರಿದ ಮೇಲೂ ಇದೆ. ಮೇಲಾಗಿ, ಬೀದಿಯ ಕೊಳವೆಯೆಂದರೆ ಸಾವಿರಾರು ಮನೆಗಳ ಗಾಳಿ. ಅದು ಹಿಂದಕ್ಕೆ ಒತ್ತಿದಾಗ ಮನೆಗೆ ಬೇಕಾದ ರಕ್ಷಣೆ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಯುಜಿಡಿ ಬಂದಾಗ ನಿಜವಾಗಿ ತೆಗೆಯಬೇಕಾದದ್ದು ಹಳೆಯ ಗುಂಡಿಯನ್ನು. ಬಹಳಷ್ಟು ಕಡೆ ಗುಂಡಿಯನ್ನು ಹಾಗೆಯೇ ಬಿಟ್ಟು ಪಕ್ಕದಿಂದ ಹೊಸ ಲೈನು ಎಳೆಯುತ್ತಾರೆ. ಒಳಗುಳಿದ ಕೆಸರು ಕೊಳೆಯುತ್ತ ಅದೇ ವೆಂಟ್ ಪೈಪಿನಿಂದ ನಾರುತ್ತಿರುತ್ತದೆ. ಅದನ್ನು ಸಕ್ಕಿಂಗ್ ಮಷಿನ್ನಿನಿಂದ ಖಾಲಿ ಮಾಡಿಸಿ, ಮಣ್ಣು ತುಂಬಿ ಮುಚ್ಚಬೇಕು. ಇನ್ನು ಕೆಲವರು ಅಂಗಡಿಯಲ್ಲಿ ಸಿಗುವ ಒಮ್ಮುಖ ಗಾಳಿ ವಾಲ್ವು ಸಾಕೆನ್ನುತ್ತಾರೆ. ಅದು ಒಳ್ಳೆಯ ಸಾಧನ, ಆದರೆ ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಲೈನಿನಲ್ಲಿ ಎಲ್ಲಾದರೂ ಒಂದು ತೆರೆದ ವೆಂಟ್ ಇದ್ದರಷ್ಟೇ ಅದಕ್ಕೆ ಅರ್ಥ. ಇದ್ದೊಂದು ವೆಂಟಿನ ಬಾಯಿಗೇ ಅದನ್ನು ಕೂರಿಸಿದರೆ ಒತ್ತಡ ಟ್ರ್ಯಾಪುಗಳ ಮೇಲೆ ಬೀಳುತ್ತದೆ.

ಈ ಜಗಳ ಇಬ್ಬರು ನೆರೆಯವರ ಸಣ್ಣತನದಿಂದ ಹುಟ್ಟಿದ್ದಲ್ಲ ಎಂಬುದಕ್ಕೆ ಬೆಂಗಳೂರಿನ ಹಳೆಯ ನಕ್ಷೆಗಳೇ ಸಾಕ್ಷಿ. 1898ರ ಪ್ಲೇಗಿನ ಕಾಲದಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಲ್ಲಿ ಮನೆಗಳ ಹಿಂಬದಿಗೆ ಕನ್ಸರ್ವೆನ್ಸಿ ಗಲ್ಲಿಗಳನ್ನು ಬಿಟ್ಟರು. ಆ ಗಲ್ಲಿಗಳ ಹಿಂದೆ ನೋವಿನ ಚರಿತ್ರೆಯಿದೆ. ಮಲ ಹೊರುವವರು ಮುಂಬಾಗಿಲಿಗೆ ಬರಬಾರದೆಂಬ ಜಾತಿಯ ಕಟ್ಟೂ ಅವುಗಳ ಅಳತೆಯಲ್ಲಿ ಸೇರಿತ್ತು, ಅದನ್ನು ಮರೆತು ಹೊಗಳಬಾರದು. ಆದರೆ ಅವುಗಳಿಂದ ಒಂದು ಅನುಕೂಲವಿತ್ತು: ಚರಂಡಿಗೆ ಯಾರ ಸೈಟಿಗೂ ಸೇರದ, ಸಾರ್ವಜನಿಕವಾದ ಜಾಗ. 1922ರಲ್ಲಿ ನಗರದ ನಡುಭಾಗಕ್ಕೆ ಒಳಚರಂಡಿ ಬಂದ ಮೇಲೂ ರಿಪೇರಿಗೆ ಹೋಗುವವರು ಪಕ್ಕದವರ ಗೇಟು ತಟ್ಟಿ ಅಪ್ಪಣೆ ಕೇಳಬೇಕಾಗಿರಲಿಲ್ಲ. ಅಂಜನಾಪುರದ ಕಾಲಕ್ಕೆ ಆ ಗಲ್ಲಿ ಇಲ್ಲ. ಅದರ ಕೆಲಸವನ್ನೆಲ್ಲ ಸೆಟ್‌ಬ್ಯಾಕ್ ಎಂದು ಬಿಟ್ಟ ಮೂರಡಿ ಸಂದಿ ಮಾಡುತ್ತಿದೆ, ಅದೂ ಬಿಟ್ಟಿದ್ದರೆ. ನಗರ ಯೋಜನೆ ಕೈಬಿಟ್ಟ ಸಾರ್ವಜನಿಕ ಹೊಣೆ ಎರಡು ಮನೆಗಳ ನಡುವಿನ ಖಾಸಗಿ ತಕರಾರಾಗಿ ಇಳಿದಿದೆ.

ಹಾಗಾದರೆ ದೂರು ಕೊಟ್ಟರಾಯಿತಲ್ಲ? ಬೀದಿಯ ಮ್ಯಾನ್‌ಹೋಲ್ ಉಕ್ಕಿದರೆ 1916ಕ್ಕೆ ಕರೆ ಮಾಡಿದಾಗ ಜಲಮಂಡಳಿಯವರು ಬರಬೇಕು, ಅದು ಅವರ ಕೆಲಸ. ಕಾಂಪೌಂಡಿನೊಳಗಿನ ಪೈಪು ಮನೆಯವರದು. ಬೀದಿಗೇ ತೊಂದರೆಯಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ ಅಡಿ ಮ್ಯಾಜಿಸ್ಟ್ರೇಟರು ಉಪದ್ರವ ನಿವಾರಣೆಗೆ ಆದೇಶಿಸಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದೇ ಅಧಿಕಾರ ಕೊಟ್ಟಿದ್ದ 133ನೇ ಸೆಕ್ಷನ್ನಿನ ಬಲದಿಂದಲೇ ಮಧ್ಯಪ್ರದೇಶದ ರತ್ಲಾಮಿನ ನಿವಾಸಿಗಳು ಬೀದಿಯ ಚರಂಡಿಗಾಗಿ ಹೋರಾಡಿ 1980ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಹಣವಿಲ್ಲವೆಂಬ ಪುರಸಭೆಯ ನೆಪ ನಿಲ್ಲಲಿಲ್ಲ. ಆದರೆ ಒಂದು ಕಿಟಕಿಗೆ ಬರುವ ನಾತ ಸಾರ್ವಜನಿಕ ಉಪದ್ರವವೆನಿಸುವುದು ಕಷ್ಟ. ಉಳಿಯುವುದು ಸಿವಿಲ್ ದಾವೆ, ಮತ್ತು ಅದು ಎಳೆಯುವ ವರ್ಷಗಳು. ಅದಕ್ಕೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ರಾಜಿ ಸಂಧಾನಕ್ಕೆ ಹೋಗುವುದು ಎಷ್ಟೋ ಮೇಲು. ಇಬ್ಬರೂ ಬಳಸುವ ಪೈಪಿನಲ್ಲಿ ಪೂರ್ತಿ ಗೆಲ್ಲುವವರು ಯಾರೂ ಇಲ್ಲವೆಂಬುದು ಸಂಧಾನಕಾರರ ಮುಂದೆ ಬೇಗ ಅರ್ಥವಾಗುತ್ತದೆ.

ಗುಂಡಿಗೆ ಮನುಷ್ಯರನ್ನು ಇಳಿಸಬೇಡಿ
ವೆಂಟ್ ಕಟ್ಟಿಕೊಂಡ ಸೆಪ್ಟಿಕ್ ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್ ಶೇಖರವಾಗಿರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರದೇ. ಪ್ರಮಾಣ ಹೆಚ್ಚಾದರೆ ಮೂಗು ಜಡವಾಗಿ ವಾಸನೆಯೇ ತಿಳಿಯದು, ಇಳಿದವರು ಅಲ್ಲೇ ಕುಸಿಯುತ್ತಾರೆ. ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ರಕ್ಷಣಾ ಸಲಕರಣೆಯಿಲ್ಲದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಜನರನ್ನು ಇಳಿಸುವುದನ್ನು ನಿಷೇಧಿಸಿದೆ. ಮೊದಲ ತಪ್ಪಿಗೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಳಚರಂಡಿ ಸಾವುಗಳಿಗೆ 10 ಲಕ್ಷ ಇದ್ದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 30 ಲಕ್ಷಕ್ಕೆ ಏರಿಸಿತು. ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರ ಸಫಾಯಿ ಕರ್ಮಚಾರಿ ಆಂದೋಲನ ಈ ನ್ಯಾಯಕ್ಕಾಗಿ ದಶಕಗಳ ಕಾಲ ಹೋರಾಡಿದೆ.

ಕೊನೆಗೆ ಮಾಡಬೇಕಾದದ್ದು ಏನು? ಜಾಗವಿದ್ದರೆ ಹಂಚಿಕೆಯನ್ನೇ ಬಿಡಿಸುವುದು ಒಳ್ಳೆಯದು. ಎರಡು ಮನೆಗೆ ಎರಡು ಪೈಪು, ಎರಡು ಛೇಂಬರು, ಬೀದಿಯ ಲೈನಿಗೆ ಬೇರೆ ಬೇರೆ ಸಂಪರ್ಕ. ಅದು ಆಗುವವರೆಗೆ ಇರುವ ಪೈಪನ್ನು ಸರಿಯಾಗಿ ಇಡಬೇಕು. ಬಿಸಿಲಿಗೆ ಬಿಳಿಚಿ ಒರಟಾದ ಪಿವಿಸಿಗೆ ಎಂ-ಸೀಲ್ ಮೆತ್ತುವುದರಿಂದ ಪ್ರಯೋಜನವಿಲ್ಲ. ಬಿರಿದ ತುಂಡನ್ನು ಕೊಯ್ದು ಹೊಸದು ಹಾಕಿ, ಕಪ್ಲರಿನಿಂದ ಕೂಡಿಸಬೇಕು. ಕೆಳಗೆ ಒಂದು ಡೋರ್ ಟೀ ಬಿಟ್ಟರೆ ಮುಂದೆ ಕಟ್ಟಿಕೊಂಡಾಗ ಒಡೆಯದೆ ಶುಚಿ ಮಾಡಬಹುದು. ಹಳೆಯ ಮನೆಗಳಲ್ಲಿ ಸಿಮೆಂಟಿನ ಬೂದುಬಣ್ಣದ ಎಸಿ ಪೈಪುಗಳಿವೆ. ಅವುಗಳಲ್ಲಿ ಕಲ್ನಾರು ಇರುತ್ತದೆ. ಒಣಗಿದಂತೆಯೇ ಕಟಿಂಗ್ ಮಷಿನ್ ಹಿಡಿದರೆ ಅದರ ದೂಳು ಶ್ವಾಸಕೋಶಕ್ಕೆ ಹೋಗುತ್ತದೆ. ನೀರು ಹಾಕಿ ಒದ್ದೆ ಮಾಡಿಕೊಂಡು, ಕೊಯ್ಯದೆ ಜಾಯಿಂಟಿನಲ್ಲೇ ಬಿಚ್ಚಿಸಿ.

ರಿಪೇರಿಯಷ್ಟೇ ಮುಖ್ಯವಾದದ್ದು ಕಾಗದ. ‘ಇಷ್ಟು ಸಣ್ಣದಕ್ಕೆ ಬರೆದಿಟ್ಟುಕೊಳ್ಳಬೇಕೇ, ಅಕ್ಕಪಕ್ಕದವರಲ್ಲಿ ನಂಬಿಕೆ ಇಲ್ಲವೇ?’ ಎಂದು ನೊಂದುಕೊಳ್ಳುವವರಿದ್ದಾರೆ. ಆದರೆ ಮನೆ ಮಾರಾಟವಾಗುತ್ತದೆ, ಮಕ್ಕಳ ಕಾಲ ಬರುತ್ತದೆ. ನಂಬಿಕೆ ಹಳೆಯ ಮಾಲೀಕರ ಜೊತೆಗೇ ಹೊರಟುಹೋಗುತ್ತದೆ, ಪೈಪು ಅಲ್ಲೇ ಉಳಿಯುತ್ತದೆ. ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾವ ಮನೆಯ ಎಷ್ಟು ಶೌಚಾಲಯ ಸೇರಿವೆ, ಖರ್ಚು ಯಾವ ಪ್ರಮಾಣದಲ್ಲಿ, ರಿಪೇರಿಗೆ ಒಳಬರಲು ಎಷ್ಟು ದಿನ ಮುಂಚೆ ಹೇಳಬೇಕು, ಅಗೆದ ಟೈಲ್ಸು ಯಾರು ಹಾಕಿಕೊಡಬೇಕು, ಮುಂದೆ ಮಹಡಿ ಎಬ್ಬಿಸುವವರು ಪೈಪು ಎತ್ತರಿಸಬೇಕು ಎಂಬಷ್ಟನ್ನು ಒಂದು ನಕ್ಷೆಯ ಸಮೇತ ಬರೆದು ಇಬ್ಬರೂ ಸಹಿ ಹಾಕಿದರೆ ಸಾಕು. ಶಾಶ್ವತ ಹಕ್ಕು ಕೊಡುವುದಾದರೆ ವಕೀಲರನ್ನು ಕೇಳಿ ನೋಂದಣಿ ಮಾಡಿಸಿ. ಪಾಲುಪತ್ರ ಬರೆಸುವವರು ಸಂಪಿನ ಸಾಲಿನ ಪಕ್ಕದಲ್ಲೇ ಛೇಂಬರಿನದೂ ಒಂದು ಸಾಲು ಸೇರಿಸಲಿ.

ಮನೆಯವರ ಮೇಲೆ ಇಷ್ಟು ಹೊಣೆ ಹೊರಿಸಿದ ಮೇಲೆ ಆಡಳಿತವನ್ನೂ ಒಂದು ಕೇಳಬೇಕು. 2025ರಲ್ಲಿ ರಾಜ್ಯ ಸರ್ಕಾರ 1,200 ಚದರಡಿವರೆಗಿನ ನಿವೇಶನಗಳ ಸಣ್ಣ ಮನೆಗಳಿಗೆ ವಾಸಯೋಗ್ಯ ಪ್ರಮಾಣಪತ್ರದಿಂದ (ಒಸಿ) ವಿನಾಯಿತಿ ಕೊಟ್ಟಿತು. ಕರೆಂಟು, ನೀರಿನ ಸಂಪರ್ಕ ಸಿಗದೆ ಪರದಾಡುತ್ತಿದ್ದ ಕುಟುಂಬಗಳಿಗೆ ಅದು ನಿಜವಾದ ಆಸರೆ, ಅದನ್ನು ವಿರೋಧಿಸುವ ಪ್ರಶ್ನೆಯಿಲ್ಲ. ಆದರೆ ಮೂವತ್ತು-ನಲವತ್ತು ಎಂದರೆ ಸರಿಯಾಗಿ 1,200 ಚದರಡಿ. ಸಂದಿಗಳು ಅತಿ ಕಿರಿದಾಗಿರುವ ಮನೆಗಳಿಗೇ ಸರ್ಕಾರದ ಕಣ್ಣು ಬೀಳುವ ಒಂದು ಅವಕಾಶ ತಪ್ಪಿತು. ಇನ್ನು ಉಳಿದಿರುವುದು ಯುಜಿಡಿ ಸಂಪರ್ಕ ಕೊಡುವ ದಿನ. ಅಂದು ಜಲಮಂಡಳಿಯ ಎಂಜಿನಿಯರು ತಾರಸಿಗೆ ಹತ್ತಿ ವೆಂಟ್ ಪೈಪು ಸ್ವಂತದ್ದೇ, ಹಂಚಿಕೆಯದೇ, ಅದರ ಬಾಯಿ ಪಕ್ಕದ ಕಿಟಕಿಗಿಂತ ಮೇಲಿದೆಯೇ ಎಂದು ನೋಡಿ ಸಂಪರ್ಕದ ದಾಖಲೆಯಲ್ಲಿ ಬರೆಯಲಿ. ಇದಕ್ಕೆ ಹೊಸ ಕಾಯ್ದೆಯಾಗಲಿ ಅನುದಾನವಾಗಲಿ ಬೇಕಿಲ್ಲ. ಅರ್ಜಿ ನಮೂನೆಯಲ್ಲಿ ಎರಡು ಕಾಲಂ ಸೇರಿಸುವ ಒಂದು ಸುತ್ತೋಲೆ ಸಾಕು. ಅದನ್ನು ಮಂಡಳಿ ಈ ಮಳೆಗಾಲ ಮುಗಿಯುವುದರೊಳಗೆ ಹೊರಡಿಸಬೇಕು.